ಎರವಲಿನ ಶಟಲ್

ನಮ್ಮ ಅಂಗಡಿ ಸಾಲಿನಲ್ಲಿ ಕಳ್ಳ ಎನ್ನುವ ಮಾತಿಗೆ ಬಿಡುವೇ ಇರಲಿಲ್ಲ. ಟೀ ಅಜ್ಜಿ ತಾನೇ ಬಟ್ಟಲಿಗೆ ಹಾಲು ಹೊಯ್ದು, ತಾನೇ ಬೆಕ್ಕನ್ನು ಕರೆಯುತ್ತಿದ್ದದ್ದು "ಬಾರೋ ಕಳ್ಳ" ಎಂದು. ಮೊಮ್ಮಗಳು ಹಲ್ಲು ಬಿದ್ದ ಬಾಯಿ ತೆರೆದು ನಕ್ಕರೆ "ಅಯ್ಯೋ ನನ್ನ ಕಳ್ಳೀ" ಎಂದು ಗಲ್ಲ ಹಿಂಡುತ್ತಿದ್ದಳು. ಚೀಲ ಹೊಲಿಯುವ ಮಾವ ಊಟವಾದ ಮೇಲೆ ಚೀಲದ ರಾಶಿಗೆ ಒರಗಿದನೆಂದರೆ ಮೈಗಳ್ಳ. ಕವಿದ ಮೋಡ ಮಳೆ ಸುರಿಸದೆ ಹೋದರೆ ಮೋಡವೂ ಕಳ್ಳ. ಇಷ್ಟು ಧಾರಾಳವಾಗಿ ಓಡಾಡುತ್ತಿದ್ದ ಮಾತನ್ನು, ಯಾರಾದರೂ ನಿಜವಾಗಿ ಏನನ್ನಾದರೂ ಕದ್ದಾಗ ಮಾತ್ರ ಒಬ್ಬರೂ ಬಾಯಿಗೆ ತರುತ್ತಿರಲಿಲ್ಲ. ಆಗ "ಎತ್ತಿಕೊಂಡನಂತೆ", "ಕೈಗೆ ಸಿಕ್ಕಿತಂತೆ", "ಮರೆತು ಜೇಬಿಗೆ ಹಾಕ್ಕೊಂಡಿರಬೇಕು, ಪಾಪ". ಬೆಕ್ಕಿಗೆ ಸಿಗದ ಮರ್ಯಾದೆ ಮನುಷ್ಯನಿಗೆ ಸಿಗುತ್ತಿತ್ತು.

ನಾನು ಕೀಲಿ ಮಾಡುವವಳು. ಅಪ್ಪನ ಕಸುಬು, ಅಪ್ಪನದೇ ಅಂಗಡಿ: ಒಂದು ಮೇಜು, ನಾಲ್ಕಾರು ಅರಗಳು, ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು. ಸಾಲಿನವರ ಬಾಯಲ್ಲಿ ನನ್ನ ಹೆಸರೂ ಕೀಲಿಯೇ ಆಗಿಹೋಗಿದೆ. ಕೀಲಿ ಕಳೆದುಕೊಂಡವರು ಯಾರೂ ನನ್ನ ಹತ್ತಿರ ಬಂದು ಕಳೆದುಕೊಂಡೆ ಎನ್ನುವುದಿಲ್ಲ, ಯಾರೋ ಹೊಡೆದರು ಎನ್ನುತ್ತಾರೆ. ನಾನು ಹೊಸದು ಮಾಡಿಕೊಟ್ಟ ಮೇಲೆ ಹಳೆಯದು ಅವರದೇ ಕೋಟಿನ ಒಳಜೇಬಿನಲ್ಲಿ ಸಿಗುತ್ತದೆ. ಬೀಗ ಒಡೆಸಲು ಬಂದವರ ಜೊತೆ ನೆರೆಯವರೊಬ್ಬರು ಬಂದು "ಹೌದು, ಇವರದೇ ಮನೆ" ಎನ್ನುವ ತನಕ ನಾನು ಎದ್ದು ನಿಲ್ಲುವುದಿಲ್ಲ. ಒಟ್ಟಿನಲ್ಲಿ ಕಳ್ಳತನದ ವಿಷಯದಲ್ಲಿ ನಾನು ಯಾರ ಮಾತನ್ನೂ ಪೂರ್ತಿ ನಂಬಿದವಳಲ್ಲ, ಮತ್ತು ನನಗೆ ಸಿಟ್ಟು ಬರುವುದು ಕದ್ದವರ ಮೇಲೆ ಅಲ್ಲ, ಕದ್ದದ್ದಕ್ಕೆ ಬೇರೆ ಹೆಸರಿಡುವವರ ಮೇಲೆ.

ಪಕ್ಕದ್ದು ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಅವನನ್ನು ಎಲ್ಲರೂ ಮಿಷನ್ ಅಣ್ಣ ಎನ್ನುತ್ತಾರೆ, ನಾನು ಬರೀ ಅಣ್ಣ. ಅವನ ಹೆಂಡತಿ ಹಾಗಾಗಿ ಅತ್ತಿಗೆ. ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದು ತೆಳ್ಳನೆಯ ಹಲಗೆ ಅಷ್ಟೇ. ಅವನು ಸೂಜಿ ಬೀಳಿಸಿದರೂ ನನಗೆ ಕೇಳುತ್ತದೆ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಆ ಕಿವಿ ನನ್ನದು.

ಅಣ್ಣ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಸಮಾಧಾನಕ್ಕೆ ಹೇಳಿದ ಹಾಗಿರುತ್ತದೆ. ಬೆಳಿಗ್ಗೆ ತಂದ ಮಿಷನ್ನು ಸಂಜೆ ಹೊಲಿಯುತ್ತಾ ಮನೆಗೆ ಹೋಗಬೇಕು ಎನ್ನುವುದು ಅವನ ಹಟ. ಹೊಲಿಯುವವರ ಕೈ ನಿಂತರೆ ಬಾಯಿಗೆ ಬೀಳುವುದೂ ನಿಲ್ಲುತ್ತದೆ ಎಂದು ಅವನಿಗೆ ಗೊತ್ತು. ಅವನು ಯಾರನ್ನೂ "ಆಗಲ್ಲ" ಎಂದು ಕಳಿಸಿದ್ದನ್ನು ನಾನು ಆಗ ನೋಡಿರಲಿಲ್ಲ. "ಇಲ್ಲ ಅನ್ನದವನು" ಎಂದು ಅವನಿಗೆ ಹೆಸರಿತ್ತು. ಆ ಹೆಸರನ್ನು ಅವನು ಹೊಸ ಅಂಗಿಯಂತೆ ಜೋಪಾನವಾಗಿ ಇಟ್ಟುಕೊಂಡಿದ್ದ.

ಆದರೆ ಹಳೆಯ ಮಿಷನ್ನುಗಳ ಬಿಡಿಭಾಗ ಈಗೆಲ್ಲಿ ಸಿಗುತ್ತದೆ? ಮಾಡುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಹೊಸ ಕಂಪನಿಯವು ಅವುಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಅಣ್ಣನ ಅಂಗಡಿಯ ಹಿಂದಿನ ಕಟ್ಟೆ ಇತ್ತು. ಬಿಟ್ಟುಹೋದವರು ಮರಳಿ ಬಾರದ ಮಿಷನ್ನುಗಳು ಅಲ್ಲಿ ಸಾಲಾಗಿ ಕೂತಿರುತ್ತಿದ್ದವು. ಒಂದರ ಸ್ಪ್ರಿಂಗು, ಇನ್ನೊಂದರ ತಿರುಪು, ಮತ್ತೊಂದರ ಹಿಡಿ. "ಎರವಲು ತಗೊಂಡೆ" ಎನ್ನುತ್ತಿದ್ದ. ಎಂದಾದರೂ ಸಿಕ್ಕಿದಾಗ ಹಿಂದಕ್ಕೆ ಹಾಕುತ್ತೇನೆ ಎಂದು ನಂಬಿಯೇ ಹೇಳುತ್ತಿದ್ದ. ಎರವಲು ಕೊಟ್ಟವು ಮಾತಾಡುವಂಥವಲ್ಲ, ಹಾಗಾಗಿ ಎಂದೂ ತಂಟೆ ಬರಲಿಲ್ಲ.

ಆ ಸಾಲಿನ ಕೊನೆಯಲ್ಲಿ ಗುಂಡಿ ಅಮ್ಮನ ಮಿಷನ್ ಇತ್ತು. ಅದನ್ನು ಮಾತ್ರ ಯಾರೂ ಬಿಟ್ಟುಹೋದದ್ದಲ್ಲ, ಇಟ್ಟುಹೋದದ್ದು. ಗುಂಡಿ ಅಮ್ಮ ಮೊದಲು ಹಿಂದಿನ ಬೀದಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚಿ, ಕಾಜ ಹಾಕಿ ಬದುಕುತ್ತಿದ್ದರು. ಬೇರೆ ಊರಿನಲ್ಲಿ ತಂಗಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಹೊರಟರು. ಹೊರಡುವ ಮೊದಲು ಕೈಮಿಷನ್ನನ್ನು ತಂದು, ಎಣ್ಣೆ ಹಾಕಿಸಿ, ಒಂದು ತುಂಡು ಬಟ್ಟೆ ಹೊಲಿದು ನೋಡಿ, ಮರದ ಮುಚ್ಚಳ ಹಾಕಿ ಬೀಗ ತಿರುಗಿಸಿದರು. "ತಮ್ಮಾ, ಬರೋ ತನಕ ಇಲ್ಲೇ ಇರಲಿ. ನಿನ್ನ ಕೈಲಿದ್ರೆ ನನ್ನ ಮನೇಲಿದ್ದ ಹಾಗೆ" ಎಂದರು. ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಆ ಮುಚ್ಚಳಗಳಿಗೆಲ್ಲ ಒಂದೇ ಅಚ್ಚಿನ ಕೀಲಿ. ಅಂಥವು ಅಣ್ಣನ ಡಬ್ಬಿಯಲ್ಲಿ ಒಂದು ಹಿಡಿ ಇದ್ದವು. ಅಂಥ ಬೀಗ ಇರುವುದು ಮರ್ಯಾದೆಗೆ. ಮರ್ಯಾದೆ ಇಟ್ಟುಕೊಂಡವರಿಗೆ ಅದು ಗಟ್ಟಿ, ಬೇಡದವರಿಗೆ ಅದೊಂದು ಸದ್ದು. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆ ಸದ್ದು ಹಲಗೆಯ ಈಚೆಗೆ ಕೇಳಿತು.

"ಅಣ್ಣ, ಅದು ಗುಂಡಿ ಅಮ್ಮಂದಲ್ವಾ?" ಎಂದು ಕೂಗಿದೆ.

"ಒಂದು ಬಾಬಿನ್ ಕೇಸು ಅಷ್ಟೇ. ಎರವಲು" ಎಂದ.

ಕೆಳಗಿನ ದಾರದ ಉರುಳೆ ಕೂರುವ ಆ ಬಾಬಿನ್ ಕೇಸಿಲ್ಲದ ಮಿಷನ್ ಹೇಗಿದ್ದರೂ ಹೊಲಿಯುವುದಿಲ್ಲ. ಹೊಲಿಯದ ಮಿಷನ್ನಿಗೆ ಟೆನ್ಷನ್ ಸ್ಪ್ರಿಂಗ್ ಇದ್ದರೇನು, ಬಿಟ್ಟರೇನು? ಮುಳುಗಿದವನಿಗೆ ಚಳಿಯೇನು, ಮಳೆಯೇನು? ಹೀಗೆ ಒಂದರ ಹಿಂದೆ ಒಂದು ಹೋದವು. ಕೊನೆಗೆ ಶಟಲ್ಲೂ ಹೋಯಿತು. ಶಟಲ್ ಅಂದರೆ ಸೂಜಿ ಕೆಳಗಿಳಿಸಿದ ದಾರವನ್ನು ಹಿಡಿದು ಕೆಳಗಿನ ದಾರದ ಜೊತೆ ಹೆಣೆಯುವ ಕೊಕ್ಕೆ. ಅದಿಲ್ಲದಿದ್ದರೂ ಹಿಡಿ ತಿರುಗುತ್ತದೆ, ಸೂಜಿ ಏರಿ ಇಳಿಯುತ್ತದೆ, ಬಟ್ಟೆಯೂ ಮುಂದೆ ಸರಿಯುತ್ತದೆ. ಹೊಲಿಗೆ ಮಾತ್ರ ಬೀಳುವುದಿಲ್ಲ, ಬರೀ ತೂತು. ಆ ಶಟಲ್ ಚೀಲದ ಮಾವನ ಮಿಷನ್ನಿಗೆ ಹೋಯಿತು. ಅವತ್ತು ಮಾವ ಸಂತೋಷದಿಂದ ಸಾಲಿಗೆಲ್ಲ ಟೀ ಕುಡಿಸಿದ, ನಾನೂ ಕುಡಿದೆ.

ವರ್ಷಗಳು ಕಳೆದವು. ಗುಂಡಿ ಅಮ್ಮ ಬಾರದಿದ್ದಾಗ ಎಲ್ಲರೂ ಅವರನ್ನು ಮರೆತರು. ಅಣ್ಣ ಮರೆತಿದ್ದನೋ ಇಲ್ಲವೋ, ಹಿಂದಿನ ಕಟ್ಟೆಯ ಆ ಕೊನೆಗೆ ಕಸ ಗುಡಿಸುವುದನ್ನು ಮಾತ್ರ ಬಿಟ್ಟಿದ್ದ.

ಒಂದು ಗುರುವಾರ ಅವರು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೊರಳಲ್ಲಿ ಅದೇ ದಾರ, ಅದೇ ಕೀಲಿ. ಮೊದಲು ನನ್ನ ಮೇಜಿನ ಮುಂದೆ ನಿಂತು, ಕೀಲಿಯನ್ನು ಹಿಡಿದು ತೋರಿಸಿದರು. "ಕೀಲೀ, ನೋಡು, ಇಷ್ಟು ವರ್ಷ ಒಂದ್ಸಲಾನೂ ಕಳೀಲಿಲ್ಲ. ನಿನಗೆ ನನ್ನಿಂದ ವ್ಯಾಪಾರವೇ ಇಲ್ಲ." ಮೈಗೆ ಉಜ್ಜಿ ಉಜ್ಜಿ ಅದು ಹೊಸದರಂತೆ ಹೊಳೆಯುತ್ತಿತ್ತು. ನಾನು ಪಕ್ಕಕ್ಕೆ ಕೈ ತೋರಿಸಿದೆ.

ಮುಂದಿನದನ್ನು ಹಲಗೆಯ ಈಚೆಯಿಂದ ಕೇಳಿದೆ. ತಂಗಿ ತೀರಿಹೋಗಿದ್ದಳು. ಅಲ್ಲಿ ಇನ್ನು ಇರಲು ಯಾರ ಆಸರೆಯೂ ಇರಲಿಲ್ಲ. ಇಲ್ಲಿ ಆಸ್ಪತ್ರೆಯ ಹೊದಿಕೆ, ದಿಂಬಿನ ಚೀಲ ಹೊಲಿದುಕೊಡುವ ಕೆಲಸ ಸಿಕ್ಕಿತ್ತು. ಬಟ್ಟೆ ಅವರು ಕೊಡುತ್ತಾರೆ, ಮಿಷನ್ ನಮ್ಮದೇ ಇರಬೇಕು.

"ಸೋಮವಾರ ಮಿಷನ್ ತಗೊಂಡು ಹೋಗಿ ತೋರಿಸ್ಬೇಕು ತಮ್ಮಾ. ಇಲ್ಲಾಂದ್ರೆ ಇನ್ನೊಬ್ಬರಿಗೆ ಕೊಟ್ಟುಬಿಡ್ತಾರೆ. ಈ ವಯಸ್ಸಲ್ಲಿ ನನಗೆ ಇನ್ನೇನು ಬರತ್ತೆ ಹೇಳು, ಇದೊಂದೇ."

"ಅದಕ್ಕೇನಮ್ಮಾ" ಎಂದ ಅಣ್ಣ. "ಬಹಳ ದಿನ ನಿಂತಿದೆ, ಎಣ್ಣೆ ಕುಡಿಸ್ಬೇಕು. ಸೋಮವಾರ ಬೆಳಿಗ್ಗೆ ಬನ್ನಿ."

ಇಲ್ಲ ಅನ್ನದವನು ಇಲ್ಲ ಎನ್ನಲಿಲ್ಲ.

ಆ ಸಂಜೆ ಟೀ ಅಜ್ಜಿಯ ಬೆಂಚಿನ ಮೇಲೆ ಕೂತು, ಲೋಟ ತಿರುಗಿಸುತ್ತಾ, "ಒಂದು ಮಾತಿಗೆ ಕೇಳ್ತೀನಿ" ಎಂದು ಅವನು ಶುರು ಮಾಡಿದ. "ಕಳ್ಳತನ ಅಂದ್ರೆ ಏನು?"

"ಕಳ್ಕೊಂಡೋರು ಅತ್ರೆ ಕಳ್ಳತನ" ಎಂದಳು ಅಜ್ಜಿ. "ಅಳದೇ ಇದ್ರೆ ಹೋಗ್ಲಿ ಬಿಡು."

"ಸಿಕ್ಕಿಬಿದ್ರೆ ಕಳ್ಳ, ಇಲ್ಲದಿದ್ರೆ ಜಾಣ" ಎಂದ ಚೀಲದ ಮಾವ.

"ಹಾಗಲ್ಲ. ಕದಿಯೋನು ತನಗೋಸ್ಕರ ಕದೀತಾನೆ. ಮಾರ್ಕೋತಾನೆ, ತಿಂತಾನೆ. ಇನ್ನೊಬ್ಬರಿಗೆ ಸಹಾಯ ಆಗ್ಲಿ ಅಂತ ತಗೊಂಡ್ರೆ ಅದು ಹೇಗೆ ಕಳ್ಳತನ ಆಗತ್ತೆ?"

"ಬೀಗ ಹಾಕಿದ್ದನ್ನ ತೆಗೆದ್ರೆ ಆಗತ್ತೆ" ಎಂದೆ ನಾನು. ಅವನು ನನ್ನ ಕಡೆ ನೋಡಲಿಲ್ಲ.

"ಯಾಕಪ್ಪಾ ಇಷ್ಟು ವಿಚಾರಣೆ?" ಅಜ್ಜಿ ನಕ್ಕಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿನ್ನ ಕಥೆ." ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಬೆಕ್ಕು ಬಂದು ಅವನ ಕಾಲಿಗೆ ಮೈ ಉಜ್ಜಿತು. "ನೋಡು, ಕಳ್ಳ ಬಂದ" ಎಂದಳು ಅಜ್ಜಿ.

ಮರುದಿನದಿಂದ ಅವನು ಎರವಲು ಕೊಟ್ಟದ್ದನ್ನು ವಾಪಸು ತರಲು ಹೊರಟ. ನೇರವಾಗಿ ಕೇಳಿದ್ದರೆ ಸಾಕಿತ್ತು. ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಅದಕ್ಕೆ "ಸದ್ದು ಸರಿಯಿಲ್ಲ, ಒಮ್ಮೆ ನೋಡ್ತೀನಿ" ಎಂದು ಒಬ್ಬರ ಮಿಷನ್ ತರಿಸಿದ, "ಬೆಲ್ಟ್ ಬದಲಾಯಿಸ್ಬೇಕು" ಎಂದು ಇನ್ನೊಬ್ಬರದನ್ನು. ಅವರದರಿಂದ ಬಿಚ್ಚಿದ್ದು ಗುಂಡಿ ಅಮ್ಮನ ಮಿಷನ್ನಿಗೆ. ಅವರಿಗೆ ಆದ ಕೊರತೆ ತುಂಬಲು ರಿಪೇರಿಗೆ ಬಂದ ಮೂರನೆಯವರದರಿಂದ. ಗುಂಡಿ ಅಮ್ಮನ ಮಿಷನ್ ತುಂಬುತ್ತಾ ಹೋದಂತೆ ಬೇರೆಲ್ಲೋ ಒಂದು ಬರಿದಾಗುತ್ತಾ ಹೋಯಿತು. ತೂತು ಮುಚ್ಚಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ.

ಶಟಲ್ ಮಾತ್ರ ಸಿಗಲಿಲ್ಲ. ದಪ್ಪ ಚೀಲ ಹೊಲಿದು ಹೊಲಿದು ಅದರ ಮೂತಿ ಮುರಿದಿತ್ತು. ಹೋದ ವರ್ಷವೇ ಎಸೆದು ಹೊಸ ಮಿಷನ್ ತಗೊಂಡೆ ಎಂದ ಮಾವ. "ಯಾಕೆ, ಬೇಕಿತ್ತಾ?" ಎಂದು ಕೇಳಿದ. "ಇಲ್ಲ ಇಲ್ಲ, ಸುಮ್ನೆ" ಎಂದ ಅಣ್ಣ.

ಶನಿವಾರ ಮಧ್ಯಾಹ್ನ ಅತ್ತಿಗೆ ಊಟ ತಂದಾಗ ಗುಂಡಿ ಅಮ್ಮನ ಮಿಷನ್ ಮುಚ್ಚಳ ತೆಗೆದು ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲಿತ್ತು. ಅತ್ತಿಗೆಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಅವಳೂ ಹೊಲಿಯುವವಳು. ಅವಳ ಕೈಮಿಷನ್ ಅವಳ ಅಮ್ಮನದು, ಗುಂಡಿ ಅಮ್ಮನದರ ಅಚ್ಚಿನದೇ. ದಿನ ಮುಗಿದ ಮೇಲೆ ಅದನ್ನು ಒರೆಸಿ, ಹೊದಿಕೆ ಹೊದಿಸಿ ಇಡುತ್ತಾಳೆ. ಮನೆಯಲ್ಲಿ ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

"ಇದು ಕದ್ದಿದ್ದು ಕಣ್ರೀ" ಎನ್ನುವುದು ಹಲಗೆಯ ಈಚೆಗೆ ಕೇಳಿತು. ಕಡ್ಡಿ ಮುರಿದ ಹಾಗೆ ಹೇಳಿದಳು.

"ಮೆಲ್ಲಗೆ. ಎರವಲು ಅದು."

"ಕಾಯೋಕೆ ಅಂತ ಕೊಟ್ಟಿದ್ದನ್ನ ತಗೊಂಡ್ರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದಕ್ಕೆ ಎರವಲು ಅಂತಾರಾ?"

"ನಾನೇನು ತಿಂದ್ನಾ? ನನ್ನ ಹೊಟ್ಟೆಗೆ ಹಾಕ್ಕೊಂಡ್ನಾ? ಎಷ್ಟು ಜನರ ಕೆಲಸ ನಡೀತು ಅದರಿಂದ!"

"ನಡೀತು. ಅತ್ತೆ ಒಡವೆ ಅಳಿಯ ದಾನ ಮಾಡಿದ. ಹೆಸರು ಯಾರಿಗೆ ಬಂತು? ನಿಮಗೆ. ಆ ಹೆಸರೇ ನೀವು ತಿಂದಿದ್ದು." ಆಮೇಲೆ ಅವಳ ದನಿ ತಗ್ಗಿತು. "ಹೋಗಿ ಹೇಳಿಬಿಡಿ ಅವರಿಗೆ. ಸೋಮವಾರ ಬರೋಕೆ ಮುಂಚೆ."

"ಹೇಳಿದ್ರೆ ಶಟಲ್ ಬರತ್ತಾ?"

ಅತ್ತಿಗೆ ಊಟದ ಡಬ್ಬಿ ಬಿಚ್ಚಿಡದೆ ಹಾಗೇ ಇಟ್ಟು ಹೊರಟುಹೋದಳು. ಅಣ್ಣನೂ ಅದನ್ನು ಬಿಚ್ಚಲಿಲ್ಲ.

ಸೋಮವಾರ ನಾನು ಬಾಗಿಲು ತೆಗೆಯುವಾಗಲೇ ಅಣ್ಣನ ಅಂಗಡಿ ತೆರೆದಿತ್ತು. ಸಿಳ್ಳೆ ಹಾಕುತ್ತಿದ್ದ. ಮಿಷನ್ ಮೇಲೆ ಬಗ್ಗಿ ಎಣ್ಣೆ ಬಿಡುತ್ತಿದ್ದ.

"ಸಿಕ್ತಾ?" ಎಂದೆ.

"ಸಿಕ್ತು."

"ಎಲ್ಲಿ?"

"ಸಿಕ್ತು ಅಂದ್ನಲ್ಲಮ್ಮ ಕೀಲಿ. ದೇವರು ದೊಡ್ಡವನು." ಹಿಡಿ ತಿರುಗಿಸಿ ತೋರಿಸಿದ. ನಯವಾದ, ಒಂದೇ ಸಮನಾದ ಸದ್ದು. ಒಳಗೆ ಹಾಕಿದ ಶಟಲ್ಲಿಗೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಯಾರೋ ದಿನಾ ಒರೆಸಿ ಇಟ್ಟುಕೊಂಡ ಹಾಗೆ ಮಿರಮಿರ ಎನ್ನುತ್ತಿತ್ತು. ಅದನ್ನು ಎಲ್ಲಿಂದ ತಂದ ಎಂದು ನಾನು ಆಗಲೇ ಊಹಿಸಬೇಕಿತ್ತು. ಊಹಿಸಲಿಲ್ಲ, ಅವನ ಮುಖದಲ್ಲಿ ಕಳೆ ಮರಳಿದ್ದನ್ನು ಕಂಡು ನನಗೂ ಹಗುರವಾಗಿತ್ತು.

ಗುಂಡಿ ಅಮ್ಮ ತೊಳೆದು ಮಡಿಸಿದ ಸೀರೆ ಉಟ್ಟು ಬಂದರು. ಮಿಷನ್ ಮೇಜಿನ ಮೇಲಿತ್ತು, ಮುಚ್ಚಳ ಹಾಕಿ ಬೀಗ ಹಾಕಿತ್ತು, ಏನೂ ಆಗಿಲ್ಲವೇನೋ ಎಂಬಂತೆ. ಅವರು ಕೊರಳಿನ ದಾರ ತೆಗೆದು, ಕೀಲಿ ತೂರಿಸಿ, ತಿರುಗಿಸಿ, ಮುಚ್ಚಳ ಎತ್ತಿದರು. ಕಪ್ಪು ಮೈಯ ಮೇಲೆ ಅಂಗೈ ಆಡಿಸಿದರು. ಟೀ ಅಜ್ಜಿ, ಚೀಲದ ಮಾವ, ನಾನು, ಎಲ್ಲರೂ ನೋಡಲು ನಿಂತಿದ್ದೆವು. ಆಗ ರಸ್ತೆಯಲ್ಲಿ ತಳ್ಳುಗಾಡಿಯೊಂದು ಕಿರುಗುಟ್ಟುತ್ತಾ ಬಂತು.

ತಳ್ಳುತ್ತಿದ್ದವಳು ಅತ್ತಿಗೆ. ಗಾಡಿಯ ಮೇಲೆ ಹೊದಿಕೆ ಹೊದಿಸಿದ ಅವಳ ಮಿಷನ್. ಬೆವರು ಒರೆಸಿಕೊಳ್ಳಲೂ ನಿಲ್ಲದೆ ನೇರವಾಗಿ ಗುಂಡಿ ಅಮ್ಮನ ಮುಂದೆ ಬಂದಳು.

"ಅಮ್ಮಾ, ಅದನ್ನ ತಗೊಂಡು ಹೋಗ್ಬೇಡಿ, ಅಲ್ಲಿ ಅವಮಾನ ಆಗತ್ತೆ. ಅದರೊಳಗೆ ಶಟಲ್ ಇಲ್ಲ. ನೀವು ನಂಬಿ ಇಟ್ಟಿದ್ದನ್ನ ಇವರು ಕದ್ರು. ಹೇಳೋ ಧೈರ್ಯ ಇವರಿಗೆ ಬರಲಿಲ್ಲ, ಅದಕ್ಕೆ ನಾನು ಹೇಳ್ತಿದ್ದೀನಿ. ನನ್ನದು ತಂದಿದ್ದೀನಿ, ನಿಮ್ಮದರ ಹಾಗೇ ಇದೆ. ಇದನ್ನ ತಗೊಳ್ಳಿ."

ಸಾಲಿನಲ್ಲಿ ಆ ಮಾತನ್ನು ಅದರ ಸರಿಯಾದ ಜಾಗದಲ್ಲಿ ಒಬ್ಬರು ಎಲ್ಲರೆದುರು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗುಂಡಿ ಅಮ್ಮ ಅಣ್ಣನನ್ನು ನೋಡಿದರು.

ಅಣ್ಣ ನಕ್ಕ. ಎಷ್ಟು ಸಲೀಸಾಗಿ ನಕ್ಕ ಎಂದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. "ಏನು ಹೇಳ್ತಿದ್ದೀಯೇ? ಎಲ್ಲ ಇದೆ ಇದರಲ್ಲಿ. ನೋಡಿ ಅಮ್ಮಾ." ಒಂದು ತುಂಡು ಬಟ್ಟೆ ಇಟ್ಟು ಹಿಡಿ ತಿರುಗಿಸಿದ. ಎಳ್ಳು ಸಾಲಾಗಿ ಇಟ್ಟಂತೆ ಹೊಲಿಗೆ ಬಿತ್ತು. ಬಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿ ಗುಂಡಿ ಅಮ್ಮನ ಕೈಗೆ ಕೊಟ್ಟ.

"ಗಂಡನ ಮೇಲೆ ಇಂಥ ಮಾತಾ?" ಎಂದಳು ಟೀ ಅಜ್ಜಿ. ಯಾರೋ ಕಿಸಕ್ಕೆಂದರು. ಅತ್ತಿಗೆಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಶನಿವಾರ ತಾನೇ ಕಣ್ಣಾರೆ ಕಂಡ ಖಾಲಿ ಹೊಟ್ಟೆ ಈಗ ತುಂಬಿತ್ತು.

"ಹಾಗಾದ್ರೆ ನನ್ನದೇ ತಪ್ಪು" ಎಂದಳು. "ಕ್ಷಮಿಸ್ರಿ." ಗಾಡಿಯನ್ನು ಹಿಂದಕ್ಕೆ ತಿರುಗಿಸಲು ಹೊರಟಳು.

ಗುಂಡಿ ಅಮ್ಮನಿಗೆ ಪಾಪ ಎನ್ನಿಸಿರಬೇಕು. "ಇರು ಮಗಳೇ, ಅಷ್ಟು ದೂರದಿಂದ ತಳ್ಕೊಂಡು ಬಂದಿದ್ದೀಯ. ನೋಡ್ತೀನಿ ತಡಿ, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯ" ಎನ್ನುತ್ತಾ ಹೊದಿಕೆ ಸರಿಸಿದರು. ಸೂಜಿಯಲ್ಲಿ ದಾರ ಇತ್ತು. ತಮ್ಮ ಕೈಯಲ್ಲಿದ್ದ ಅದೇ ತುಂಡು ಬಟ್ಟೆಯನ್ನು ಪಾದದ ಕೆಳಗೆ ಇಟ್ಟರು.

"ಬೇಡಮ್ಮಾ, ಹೊತ್ತಾಗತ್ತೆ" ಎಂದ ಅಣ್ಣ. ಅವನ ದನಿ ಬದಲಾಗಿತ್ತು.

ಗುಂಡಿ ಅಮ್ಮ ಹಿಡಿ ತಿರುಗಿಸಿದರು. ಸೂಜಿ ಏರಿತು, ಇಳಿಯಿತು. ಬಟ್ಟೆ ಮುಂದೆ ಸರಿಯಿತು. ಎತ್ತಿ ಬೆಳಕಿಗೆ ಹಿಡಿದಾಗ, ಅಣ್ಣ ಹಾಕಿದ ಹೊಲಿಗೆಯ ಪಕ್ಕದಲ್ಲಿ ಒಂದು ಸಾಲು ಬರೀ ತೂತು. ಅವರು ಕೆಳಗಿನ ತಗಡನ್ನು ಸರಿಸಿ ಒಳಗೆ ಬೆರಳು ಹಾಕಿದರು.

"ಇದರಲ್ಲಿ ಶಟಲ್ಲೇ ಇಲ್ವಲ್ಲ ಮಗಳೇ."

ಅತ್ತಿಗೆ ತನ್ನ ಮಿಷನ್ ನೋಡಿದಳು. ಆಮೇಲೆ ಮೇಜಿನ ಮೇಲಿನ ಕಪ್ಪು ಮಿಷನ್ ನೋಡಿದಳು. ಆಮೇಲೆ ಗಂಡನನ್ನು.

"ಯಾವಾಗ?" ಎಂದಳು.

"ಬೆಳಿಗ್ಗೆ. ನೀನು ಸ್ನಾನಕ್ಕೆ ಹೋಗಿದ್ದೆ. ಎರಡು ದಿನದ ಮಟ್ಟಿಗೆ... ಎರವಲು..."

"ಎರವಲು ಅಂದ್ರೆ ಕೇಳಿ ತಗೊಳ್ಳೋದು. ನೀವು ಕೇಳಿದ್ರಾ?"

ಅಣ್ಣ ಎಣ್ಣೆಯ ಬಟ್ಟೆಯಿಂದ ಕೈ ಒರೆಸತೊಡಗಿದ.

"ಕೇಳಿದ್ರೆ ಕೊಡ್ತಿರಲಿಲ್ವಾ ನಾನು? ಇಡೀ ಮಿಷನ್ನನ್ನೇ ತಳ್ಕೊಂಡು ಬಂದಿದ್ದೀನಿ ಕೊಡೋದಕ್ಕೆ." ಅವಳ ದನಿ ಒಡೆಯಿತು. "ಇಷ್ಟು ಜನರ ಮುಂದೆ ನಾನು ಸುಳ್ಳಿ ಆದೆ. ನೀವು ನಗ್ತಾ ನಿಂತಿದ್ರಿ."

ಅಣ್ಣ ಕೈಯಲ್ಲಿದ್ದ ಎಣ್ಣೆಯ ಬಟ್ಟೆಯನ್ನು ಮೇಜಿನ ಮೇಲಿಟ್ಟ. ಗುಂಡಿ ಅಮ್ಮನ ಕಡೆ ತಿರುಗಿ, "ಕದ್ದೆ" ಎಂದ. "ನಿಮ್ಮದರದ್ದು ಎಲ್ಲಾನೂ ಕದ್ದಿದ್ದೆ. ಈಗ ಇದರಲ್ಲಿ ಇರೋದೂ ಕದ್ದಿದ್ದೇ. ಮುಂದಿನ ಬೀದಿಯವರದ್ದು, ಇವಳದ್ದು." ಹೇಳಿ ಮುಗಿಸಿದವನೇ ಸ್ಟೂಲಿನ ಮೇಲೆ ಕುಸಿದು ಕೂತ. ನನಗೆ ಅಳು ಬಂತು. ಒಳ್ಳೆಯವನು ಎಂದು ಮೊದಲೇ ಹೇಳಿದ್ದೇನಲ್ಲ.

ಗುಂಡಿ ಅಮ್ಮನಿಗೆ ಬೈಯುವುದಕ್ಕೂ ಬಿಡುವಿರಲಿಲ್ಲ. ಕೆಲಸ ತೋರಿಸಬೇಕಿತ್ತು, ಹೊತ್ತು ಏರುತ್ತಿತ್ತು. ಆದರೆ ಮಿಷನ್ನನ್ನು ಎತ್ತಿಕೊಳ್ಳಲು ಕೈಯೂ ಚಾಚಲಿಲ್ಲ. "ಇದನ್ನ ನಾನು ಹೇಗೆ ತಗೊಂಡು ಹೋಗ್ಲಿ?" ಎಂದು ತಮ್ಮಷ್ಟಕ್ಕೆ ಎಂಬಂತೆ ಕೇಳಿದರು.

"ಬಿಚ್ಚಿ" ಎಂದಳು ಅತ್ತಿಗೆ ಗಂಡನಿಗೆ.

"ಅವರಿಗೆ ಹೊತ್ತಾಗತ್ತೆ ಕಣೇ, ಆಮೇಲೆ..."

"ಬಿಚ್ಚಿ ಅಂದೆ."

ಅಣ್ಣ ಮಿಷನ್ ಮಗುಚಿ, ಶಟಲ್ ಬಿಚ್ಚಿ, ಅವಳ ಅಂಗೈಯಲ್ಲಿ ಇಟ್ಟ. ಅತ್ತಿಗೆ ಅದನ್ನು ಸೆರಗಿನಿಂದ ಒರೆಸಿದಳು. ಗುಂಡಿ ಅಮ್ಮನ ಕೈ ಹಿಡಿದು, ಬೆರಳು ಬಿಡಿಸಿ, ಅದರಲ್ಲಿ ಇಟ್ಟಳು. "ಇದು ನನ್ನಮ್ಮಂದು. ನಾನು ಕೊಡ್ತಿದ್ದೀನಿ. ಈಗ ತಗೊಂಡು ಹೋಗಿ."

ಗುಂಡಿ ಅಮ್ಮ ಅದನ್ನು ಅಣ್ಣನಿಗೆ ಕೊಟ್ಟರು. ಅವನು ತಲೆ ಎತ್ತದೆ, ಬಿಚ್ಚಿದ ಜಾಗಕ್ಕೇ ಮತ್ತೆ ಹಾಕಿದ. ಅದೇ ಕಬ್ಬಿಣ, ಅದೇ ತಿರುಪು. ಹಿಡಿ ತಿರುಗಿಸಿದಾಗ ಸದ್ದೂ ಅದೇ.

ಹೊರಡುವ ಮುನ್ನ ಗುಂಡಿ ಅಮ್ಮ ದಾರದ ಸಮೇತ ಆ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟರು. "ಇಟ್ಕೋ ಕೀಲಿ. ಇಷ್ಟು ವರ್ಷ ಸುಮ್ನೆ ಹೊತ್ಕೊಂಡೆ." ಬೇರೆ ಯಾರಿಗೂ ತಾಗದಷ್ಟು ಆ ಮಾತು ನನಗೆ ತಾಗಿತು. ಅದನ್ನು ಗೋಡೆಗೆ ನೇತುಹಾಕಿದ್ದೇನೆ. ಅದರ ಕೊಂಡಿಗೆ ಬೇರೆ ಯಾವ ಕೀಲಿಯನ್ನೂ ಹಾಕುವುದಿಲ್ಲ.

ಅವರಿಗೆ ಕೆಲಸ ಸಿಕ್ಕಿತು. ಈಗ ಎಣ್ಣೆ ಹಾಕಿಸಲು ಬೇರೆ ಬೀದಿಗೆ ಹೋಗುತ್ತಾರೆ. ಅಣ್ಣ ಆ ವಾರವೆಲ್ಲ ಬಾಗಿಲು ಅರ್ಧ ತೆರೆದು, ಯಾರಿಂದ ಏನು ಬಿಚ್ಚಿದ್ದನೋ ಅವರ ಮನೆಗಳಿಗೆ ಹೋಗಿ ಹೇಳಿ ಬಂದ. ಕೆಲವರು ಬೈದರು, ಕೆಲವರು "ಅಯ್ಯೋ ಅದಕ್ಕೇನಂತೆ, ಎರವಲು ತಾನೇ" ಎಂದರು. "ಅಲ್ಲ" ಎಂದನಂತೆ ಅವರಿಗೂ. ಇಲ್ಲ ಅನ್ನದವನು ಎಂದು ಅವನನ್ನು ಈಗ ಯಾರೂ ಕರೆಯುವುದಿಲ್ಲ. ಭಾಗ ಸಿಗದಿದ್ದರೆ "ಇಲ್ಲ, ಆಗಲ್ಲ" ಎಂದು ಹೇಳಿ ಕಳಿಸುತ್ತಾನೆ. ಗಿರಾಕಿ ಕಡಿಮೆಯಾಗಿದೆ. ಅತ್ತಿಗೆಯ ಮಿಷನ್ನಿಗೆ ಹೊಂದುವ ಶಟಲ್ ಹುಡುಕುತ್ತಲೇ ಇದ್ದಾನೆ, ಸಿಕ್ಕಿಲ್ಲ. ಅದು ಮನೆಯಲ್ಲಿ ಹೊದಿಕೆ ಹೊದ್ದು ಕೂತಿದೆಯಂತೆ.

ಟೀ ಅಜ್ಜಿ ಬೆಕ್ಕನ್ನು ಕರೆಯಲು ಬಾಯಿ ತೆರೆದವಳು, ಅಣ್ಣ ಬೆಂಚಿನಲ್ಲಿದ್ದರೆ "ಬಾರೋ" ಎಂದಷ್ಟೇ ಹೇಳಿ ನಿಲ್ಲಿಸುತ್ತಾಳೆ. ಮೊಮ್ಮಗಳು ಈಗ ಬಂಗಾರಿ. ಒಂದು ಮಾತು ಸಾಲಿನಿಂದಲೇ ಕಾಣೆಯಾಗಿದೆ. "ಕರೀರಿ ಅಜ್ಜಿ, ಬೆಕ್ಕೇನು ಮಾಡ್ತು" ಎಂದು ಅವನೇ ಒಮ್ಮೆ ಹೇಳಿದ. ಅಜ್ಜಿ ಒಲೆ ಊದತೊಡಗಿದಳು.

ಇನ್ನೊಂದು ಬದಲಾವಣೆಯನ್ನು ನಾನಷ್ಟೇ ಗಮನಿಸಿರಬೇಕು, ಹಲಗೆ ತೆಳ್ಳಗಿರುವುದರಿಂದ. ಅಣ್ಣ ಈಗ ಎಲ್ಲದಕ್ಕೂ ಕೇಳುತ್ತಾನೆ. ನನ್ನ ಮೇಜಿನ ಮೇಲಿನ ಅರ ಬೇಕಾದರೆ ಮೊದಲು ಕೈ ಹಾಕಿ ಒಯ್ಯುತ್ತಿದ್ದವನು ಈಗ ಹೊಸ್ತಿಲಲ್ಲಿ ನಿಂತು "ತಗೊಳ್ಳಲಾ?" ಎನ್ನುತ್ತಾನೆ. "ತಗೋ ಅಣ್ಣ, ಅದಕ್ಕೂ ಕೇಳ್ತೀಯಾ?" ಎಂದು ನಾನು ರೇಗುತ್ತೇನೆ.

ಮಧ್ಯಾಹ್ನ ಅತ್ತಿಗೆ ಊಟ ತರುತ್ತಾಳೆ. ಬಡಿಸುತ್ತಾಳೆ, ಊರ ಸುದ್ದಿ ಹೇಳುತ್ತಾಳೆ, ಒಮ್ಮೊಮ್ಮೆ ನಗುವುದೂ ಕೇಳುತ್ತದೆ. ಅವನಿಗೆ ನೀರು ಬೇಕಾದರೆ ಅವಳ ಪಕ್ಕದಲ್ಲಿರುವ ಬಾಟಲಿಗೆ ಕೈ ಚಾಚುವುದಿಲ್ಲ.

"ನೀರು ತಗೊಳ್ಳಲಾ?" ಎಂದು ಕೇಳುತ್ತಾನೆ.

"ತಗೊಳ್ಳಿ" ಎನ್ನುತ್ತಾಳೆ ಅತ್ತಿಗೆ. ಅದಕ್ಕೂ ಕೇಳ್ತೀರಾ ಎಂದು ಅವಳು ಇವತ್ತಿನವರೆಗೆ ಒಂದು ದಿನವೂ ಅಂದಿಲ್ಲ.